ಒಂಟಿ ಹರಳಿನ ಸುಳಿವು ಬಿಡಿಸುವುದು ಹೇಗೆ?

ಪದಬಂಧದಲ್ಲಿ ರತ್ನದ ಸುಳಿವು ಸಿಕ್ಕಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ನವರತ್ನಗಳ ಪಟ್ಟಿ ನೆನೆಸಿಕೊಂಡು ಸರಿಹೊಂದುವ ಮೊದಲ ಹೆಸರನ್ನು ತುಂಬಿಬಿಡುವುದು. ಸುಳಿವು ಕೇಳುತ್ತಿರುವುದು ಕಲ್ಲಿನ ಹೆಸರನ್ನೋ, ಕಲ್ಲು ಕೂತ ಜಾಗವನ್ನೋ, ಒಡವೆಯನ್ನೋ, ಪುರಾಣದ ಮಣಿಯನ್ನೋ ಎಂದು ಮೊದಲು ತೀರ್ಮಾನಿಸಿ. ‘ಒಂಟಿ’, ‘ನಡುವಿನ’, ‘ತಲೆಯ’ ಎಂಬ ಸಣ್ಣ ವಿಶೇಷಣದಲ್ಲೇ ಅರ್ಧ ಉತ್ತರ ಇರುತ್ತದೆ.

ಆಮೇಲೆ ಮನೆ ಎಣಿಸಿ. ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಒತ್ತಕ್ಷರ ಒಂದೇ ಮನೆಯಲ್ಲಿ ಕೂರುತ್ತದೆ, ಸೊನ್ನೆ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ವೈಡೂರ್ಯಕ್ಕೆ 3, ಇಂದ್ರನೀಲಕ್ಕೆ 4, ಸ್ಯಮಂತಕಕ್ಕೂ 4. ವಜ್ರ, ಮುತ್ತು, ಪಚ್ಚೆ ಎಲ್ಲಕ್ಕೂ 2. ‘ಹಸಿರು ರತ್ನ’ಕ್ಕೆ ನಾಲ್ಕು ಮನೆ ಇದ್ದರೆ ಪಚ್ಚೆಯನ್ನು ಬಿಟ್ಟು ಮರಕತಕ್ಕೆ ಹೋಗಿ.

ಒಂದು ಸುಳಿವನ್ನು ಹತ್ತಿರದಿಂದ ನೋಡೋಣ: ‘ಹಾರದ ನಡುವೆ ಒಂಟಿಯಾಗಿ ಕೂತ ರತ್ನ, ಹುಡುಗನೂ ಹೌದು (3)’. ಮೇಲಿನಿಂದ ಕೆಳಕ್ಕೆ ಬಂದ ಪದದಿಂದ ಕೊನೆಯ ಮನೆಯಲ್ಲಿ ‘ಳ’ ಆಗಲೇ ಬಿದ್ದಿದೆ. ಕೈ ತಾನಾಗಿ ‘ಹವಳ’ ಎಂದು ಬರೆಯಲು ಹೊರಡುತ್ತದೆ. ತಡೆಯಿರಿ. ಹವಳ ಹುಡುಗನಾಗುವುದಿಲ್ಲ, ಹಾರದ ನಡುವೆಯೇ ಕೂರಬೇಕೆಂಬ ನಿಯಮವೂ ಅದಕ್ಕಿಲ್ಲ. ಉತ್ತರ ‘ತರಳ’: ಬಾಲಕ ಎಂಬುದು ಎಲ್ಲರಿಗೂ ಗೊತ್ತಿರುವ ಅರ್ಥ, ಹಾರದ ನಡುಮಣಿ ಎಂಬುದು ನಿಘಂಟಿನಲ್ಲಿ ಅಡಗಿರುವ ಅರ್ಥ. ಸುಳಿವಿನ ಎರಡೂ ತುಂಡಿಗೆ ಒಪ್ಪದ ಪದ ಎಷ್ಟೇ ಚೆನ್ನಾಗಿ ಕೂತರೂ ತಪ್ಪೇ.

ಈ ಇಬ್ಬಗೆಯ ಅರ್ಥವೇ ಪದಬಂಧ ಕಟ್ಟುವವರ ಬಂಡವಾಳ. ‘ಬಾಗು ಎಂದರೂ ರತ್ನವೇ’ ಅಂದರೆ ಮಣಿ. ‘ಎಣ್ಣೆ ಕೊಡುವ ರತ್ನ’ ಹರಳು. ಹರಳೆಣ್ಣೆ ನೆನಪಾದರೆ ಸಾಕು. ‘ಏಕಾಕಿ, ಕಿವಿಯಲ್ಲೂ ಇದೆ (2)’ ಎಂದರೆ ‘ಒಂಟಿ’, ಅದು ಕಿವಿಯ ಒಡವೆಯ ಹೆಸರೂ ಹೌದು. ‘ಒಂದೇ ಎಳೆಯ ಹಾರ, ಕಾವ್ಯದಲ್ಲೂ ಅಲಂಕಾರ (4)’ ಎಂದರೆ ಏಕಾವಳಿ. ಇಲ್ಲಿ ಕೊನೆಯದು ‘ಳಿ’ಯೋ ‘ಲಿ’ಯೋ ಎಂಬುದನ್ನು ಅಡ್ಡ ಹಾಯುವ ಪದವೇ ಹೇಳಬೇಕು, ಎರಡೂ ರೂಪ ಬಳಕೆಯಲ್ಲಿವೆ. ಪುಷ್ಯರಾಗ-ಪುಷ್ಪರಾಗಕ್ಕೂ ಇದೇ ಮಾತು.

ಅತಿ ಹೆಚ್ಚು ಅಳಿಸಬೇಕಾಗುವುದು ‘ತಲೆಯ ಮೇಲಿನ ರತ್ನ (4)’ ಎಂಬಂಥ ಕಡೆ. ಚೂಡಾಮಣಿ, ಶಿರೋಮಣಿ ಎರಡೂ ಒಪ್ಪುತ್ತವೆ. ಕೊನೆಯ ಎರಡು ಮನೆಗೆ ‘ಮಣಿ’ಯನ್ನು ಧೈರ್ಯವಾಗಿ ಬರೆಯಿರಿ, ಮೊದಲೆರಡನ್ನು ಖಾಲಿ ಬಿಡಿ. ಸುಳಿವಿನಲ್ಲಿ ಸೀತೆಯೋ ಹನುಮಂತನೋ ಇಣುಕಿದರೆ ಮಾತ್ರ ಚೂಡಾಮಣಿ ಎಂದು ನಿಶ್ಚಯಿಸಿ. ಬೇಡಿದ್ದನ್ನು ಕೊಡುವ ಮಣಿ ಅಥವಾ ಊರಿನ ಹೆಸರು ಎಂದಿದ್ದರೆ ಚಿಂತಾಮಣಿ. ವಿಷ್ಣುವಿನ ಎದೆ ಬಂದರೆ ಕೌಸ್ತುಭ, ಮೂರೇ ಮನೆ.

ಇಂಗ್ಲಿಷ್ ಪದಬಂಧದಲ್ಲಿ ಒಂಟಿಯಾಗಿ ಕೂರಿಸಿದ ಹರಳಿಗೆ ಸಾಮಾನ್ಯವಾಗಿ ಬರುವ ಉತ್ತರ ಸಾಲಿಟೇರ್, 9 ಅಕ್ಷರ. ಸುಳಿವು ಬಹುವಚನದಲ್ಲಿದ್ದರೆ 10. ಉಳಿದದ್ದು ಹೊಳೆಯುವ ಮುನ್ನವೇ ಕೊನೆಯ ಮನೆಯಲ್ಲಿ ಪೆನ್ಸಿಲ್‌ನಿಂದ ‘ಎಸ್’ ಬರೆದಿಡಬಹುದು. ಒಬ್ಬರೇ ಆಡುವ ಇಸ್ಪೀಟಾಟಕ್ಕೂ, ರೋಡ್ರಿಗಸ್ ದ್ವೀಪದಲ್ಲಿದ್ದು ಅಳಿದುಹೋದ ಹಕ್ಕಿಗೂ ಅದೇ ಹೆಸರು, ಹಾಗಾಗಿ ಸುಳಿವಿನಲ್ಲಿ ಹರಳಿನ ಸುದ್ದಿಯೇ ಇಲ್ಲದೆಯೂ ಈ ಪದ ಬರಬಹುದು. ಇದೇ ಪದವನ್ನು ಕನ್ನಡದ ಚೌಕಕ್ಕೆ ತಂದರೆ ಕೊನೆಯ ‘ರ್’ ತಕರಾರು ಮಾಡುತ್ತದೆ: ಅದಕ್ಕೆ ಅಡ್ಡ ಹಾಯಲು ಪದ ಸಿಗುವುದು ಕಷ್ಟ.