ಜಿಂಕ್‌ಗೆ ಇಳಿಯುವ ಮುಂಚೆಯೇ ನೋಡಿಬಿಡಿ

ತುಕ್ಕು ಹಿಡಿಯದಿರಲಿ ಅಂತ ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆದ, ಅಂದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಆದ ಸ್ಟೀಲ್ ಮಾಲನ್ನು ಚೆಕ್ ಮಾಡುವ ಕೆಲಸ ನನ್ನದು. ಶುರುವಿನಲ್ಲಿ ಗೇಜ್ ಹಿಡಿದು ಜಿಂಕ್ ಪದರದ ದಪ್ಪವನ್ನು ಮೈಕ್ರಾನ್‌ನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳೆದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಒಂದು ಸಲ ಆಂಗಲ್ ಫ್ರೇಮ್‌ಗಳ ಲಾಟ್ ಬಂತು. ದೂರದಿಂದ ಫಳಫಳ ಹೊಳೆಯುತ್ತಿತ್ತು, ಅಳತೆಯೂ ಸರಿಯಾಗಿತ್ತು. ಹತ್ತಿರ ಬಗ್ಗಿ ನೋಡಿದರೆ ವೆಲ್ಡಿಂಗ್ ಪಕ್ಕದಲ್ಲಿ ಉದ್ದಕ್ಕೂ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆಗಳು. ಚಾಕು ತುದಿಯಿಂದ ಕೆರೆದೆ, ಗಾಜಿನ ಚೂರಿನ ಹಾಗೆ ಸ್ಲ್ಯಾಗ್ (ವೆಲ್ಡಿಂಗ್ ಮೇಲೆ ಗಟ್ಟಿಯಾಗಿ ಉಳಿಯುವ ಕಿಟ್ಟ) ಎದ್ದು ಬಂತು. ಜಿಂಕ್‌ಗೆ ಮುಂಚೆ ಮಾಲು ತೊಳೆಯುವ ಪಿಕ್ಲಿಂಗ್ ಆಸಿಡ್ ತುಕ್ಕನ್ನೂ ಮಿಲ್ ಸ್ಕೇಲನ್ನೂ (ಸ್ಟೀಲ್ ತಯಾರಾಗುವಾಗ ಕೂರುವ ಕಪ್ಪು ಪೊರೆ) ತಿನ್ನುತ್ತದೆ, ಆದರೆ ವೆಲ್ಡಿಂಗ್ ಸ್ಲ್ಯಾಗ್ ಮತ್ತು ಪೇಂಟ್ ಮಾರ್ಕ್ ಅದಕ್ಕೆ ಜಗ್ಗುವುದಿಲ್ಲ, ಅವು ಇದ್ದ ಕಡೆ ಜಿಂಕ್ ಹಿಡಿಯುವುದೇ ಇಲ್ಲ.

ಅಂದಿನಿಂದ ಮಾಲು ಜಿಂಕ್‌ಗೆ ಇಳಿಯದೆ ಇನ್ನೂ ಕಪ್ಪಗಿರುವಾಗಲೇ ಹೋಗಿ ನೋಡುತ್ತೇನೆ. ಪ್ರತಿ ವೆಲ್ಡಿಂಗ್ ಮೇಲೂ ಕೈಯಾಡಿಸಿ ಸ್ಲ್ಯಾಗ್, ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ಉಳಿದಿದೆಯಾ ನೋಡುವುದು, ಪೇಂಟಿನಲ್ಲಿ ಬರೆದ ನಂಬರ್ ಇದ್ದರೆ ಉಜ್ಜಿಸುವುದು. ಪೈಪ್ ಕೆಲಸವಾದರೆ ಮೊದಲು ಹುಡುಕುವುದು ಗಾಳಿ, ಹಬೆ ಹೊರಹೋಗುವ ತೂತುಗಳನ್ನೇ. ಎರಡೂ ಕಡೆ ಮುಚ್ಚಿದ ಪೈಪನ್ನು ಸುಮಾರು 450 ಡಿಗ್ರಿಯ ಜಿಂಕ್‌ಗೆ ಇಳಿಸಿದರೆ ಒಳಗಿನ ತೇವ ಹಬೆಯಾಗಿ ಪೈಪ್ ಸಿಡಿಯಬಹುದು, ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ, ಟಾರ್ಚ್ ಹಾಕಿ ಕಣ್ಣಾರೆ ನೋಡುತ್ತೇನೆ.

ಅಳತೆಗೆ ಬಂದರೆ, ಗ್ಯಾಲ್ವನೈಸಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1461 ಪ್ರಕಾರ 6 ಮಿಮೀಗಿಂತ ದಪ್ಪದ ಸ್ಟೀಲ್‌ಗೆ ಸರಾಸರಿ 85 ಮೈಕ್ರಾನ್ ಬೇಕು, ಯಾವುದೇ ಒಂದು ಜಾಗದಲ್ಲಿ 70ಕ್ಕಿಂತ ಕಡಿಮೆ ಇರಬಾರದು. ಇಲ್ಲೇ ತುಂಬ ಜಗಳ ಆಗುವುದು. ಗೇಜ್ ಒಂದೇ ಸಲ 64 ತೋರಿಸಿತು ಅಂತ ಸುಮ್ನೆ ರಿಜೆಕ್ಟ್ ಬರೆಯಬಾರದು, ಆ ಜಾಗದಲ್ಲಿ ಕನಿಷ್ಠ 5 ರೀಡಿಂಗ್ ತೆಗೆದು ಅವುಗಳ ಸರಾಸರಿ ನೋಡಬೇಕು. ಅದಕ್ಕೂ ಮೊದಲು ಗೇಜಿನ ಝೀರೋ ಸರಿ ಇದೆಯಾ ನೋಡಿಕೊಳ್ಳಿ.

ಮಂಕು ಬೂದು ಬಣ್ಣ ಕಂಡ ಕೂಡಲೇ ಲಾಟ್ ವಾಪಸ್ ಕಳಿಸುವವರನ್ನೂ ನೋಡಿದ್ದೇನೆ. ಅದು ಸಾಮಾನ್ಯವಾಗಿ ಸ್ಟೀಲಿನಲ್ಲಿರುವ ಸಿಲಿಕಾನ್‌ನ ಕೆಲಸ. ಅದರಿಂದ ಕಬ್ಬಿಣ, ಜಿಂಕ್ ಬೆರೆತ ಪದರ ಮೇಲಿನವರೆಗೂ ಬೆಳೆದುಬಿಡುತ್ತದೆ. ಕೋಟಿಂಗ್ ಜಾಸ್ತಿ ದಪ್ಪವೇ ಇರುತ್ತದೆ, ತೀರಾ ದಪ್ಪವಾದರೆ ಪೆಟ್ಟು ಬಿದ್ದಾಗ ಚಕ್ಕೆ ಏಳಬಹುದು, ನಾನು ಅದನ್ನು ಮಾತ್ರ ಗಮನಿಸುತ್ತೇನೆ. ಹೊಳಪು ಬೇಕೇ ಬೇಕು ಅನ್ನುವವರು ಸ್ಟೀಲ್ ಕೊಳ್ಳುವಾಗಲೇ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಸಿಲಿಕಾನ್ ಎಷ್ಟಿದೆ ಅಂತ ನೋಡಬೇಕಲ್ವಾ?

ಜಿಂಕ್ ಹಿಡಿಯದ ಚುಕ್ಕೆಗಳು ಸಣ್ಣದಿದ್ದರೆ ಜಿಂಕ್ ರಿಚ್ ಪೇಂಟ್ ಹಚ್ಚಿ ರಿಪೇರಿ ಮಾಡಬಹುದು. ಆದರೆ ಒಂದೊಂದು ಜಾಗ 10 ಚದರ ಸೆಂಮೀ ದಾಟಬಾರದು, ಎಲ್ಲ ಸೇರಿ ಆ ಪೀಸಿನ ಮೇಲ್ಮೈಯ 0.5% ಮೀರಬಾರದು. ಮೀರಿದರೆ ಮತ್ತೆ ಆಸಿಡ್, ಮತ್ತೆ ಜಿಂಕ್.

ಪಾಸಾದ ಮಾಲನ್ನೂ ಹಾಗೇ ಬಿಡುವಂತಿಲ್ಲ. ಹೊಸ ಕೋಟಿಂಗ್‌ಗೆ ಗಾಳಿ ಬೇಕು. ಪ್ಲೇಟ್‌ಗಳನ್ನು ಒತ್ತೊತ್ತಾಗಿ ಪೇರಿಸಿ ನಡುವೆ ನೀರು ನಿಂತರೆ ಕೆಲವೇ ದಿನಗಳಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ತುಕ್ಕು ಬರುತ್ತದೆ. ಅದಕ್ಕೇ ಪ್ರತಿ ಸಾಲಿನ ನಡುವೆ ಒಣ ಮರದ ಪಟ್ಟಿ ಇಡಿಸಿ, ಒಂದು ಕಡೆ ಸ್ವಲ್ಪ ಎತ್ತರಿಸಿ, ನೀರು ಹರಿದು ಹೋಗುತ್ತದೆಯಾ ಅಂತ ಒಂದು ಮಗ್ ನೀರು ಸುರಿದು ನೋಡಿಯೇ ಅಲ್ಲಿಂದ ಹೊರಡುತ್ತೇನೆ.