ಬಸುರಿಯರು ಸ್ಟಿರಾಯ್ಡ್ ಮಾತ್ರೆ ನಿಲ್ಲಿಸುವ ಮೊದಲು

ಕೊಡಗಿನ ಮಳೆಗಾಲ ಉಬ್ಬಸ ಇರುವವರಿಗೆ ಕಷ್ಟದ ಕಾಲ. ಗೋಡೆಯಲ್ಲಿ ಬೂಷ್ಟು, ಮನೆಯೊಳಗೇ ಒಣಗಬೇಕಾದ ಬಟ್ಟೆ, ಸೌದೆ ಒಲೆಯ ಹೊಗೆ. ಆಸ್ತಮಾ ಕೆರಳಿದಾಗ, ಇಲ್ಲವೇ ಲೂಪಸ್, ಸಂಧಿವಾತದಂಥ ಕಾಯಿಲೆಗೆ ವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬರೆದಿರುತ್ತಾರೆ. ಗರ್ಭ ನಿಂತದ್ದು ತಿಳಿದ ದಿನವೇ ಅದನ್ನು ಬಿಸಾಡುವ ಹೆಣ್ಣುಮಕ್ಕಳಿದ್ದಾರೆ, ಬಿಸಾಡಿಸುವ ಹಿರಿಯರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಮಾತ್ರೆ ಮುಂದುವರಿಯಲಿ. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟಿರಾಯ್ಡ್ ನುಂಗಿದ್ದರೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಾನಾಗಿ ತಯಾರಿಸುವುದನ್ನು ತಗ್ಗಿಸಿರುತ್ತದೆ. ಥಟ್ಟನೆ ನಿಲ್ಲಿಸಿದರೆ ತೀವ್ರ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ, ಜೀವಕ್ಕೇ ಅಪಾಯ. ಹತೋಟಿ ತಪ್ಪಿದ ಆಸ್ತಮಾದಿಂದ ಮಗುವಿಗೆ ಆಮ್ಲಜನಕವೂ ಕಡಿಮೆಯಾಗುತ್ತದೆ. ಕಡಿಮೆ ತೂಕ, ಅವಧಿಗೆ ಮುನ್ನ ಹೆರಿಗೆ ಆಗಬಹುದು. ನನ್ನ ಮಟ್ಟಿಗೆ ಮಾತ್ರೆಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಹೋಗುವಾಗ ತಾಯಿ ಕಾರ್ಡಿನ ಜೊತೆ ಮಾತ್ರೆಯ ಪಟ್ಟಿಯನ್ನೂ ಒಯ್ಯಿರಿ. 'ಉಬ್ಬಸದ ಬಿಳಿ ಮಾತ್ರೆ' ಎಂದರೆ ಸಾಲದು, ಯಾವ ಸ್ಟಿರಾಯ್ಡ್ ಎಂಬುದೇ ಇಲ್ಲಿ ಮುಖ್ಯ. ಪ್ರೆಡ್ನಿಸೋಲೋನನ್ನು ಮಾಸಿನಲ್ಲಿರುವ ಕಿಣ್ವವೊಂದು ಬಹುಪಾಲು ನಿಷ್ಕ್ರಿಯಗೊಳಿಸುತ್ತದೆ; ತಾಯಿಯ ರಕ್ತದಲ್ಲಿರುವುದರ ಸುಮಾರು ಹತ್ತನೇ ಒಂದು ಪಾಲಷ್ಟೇ ಮಗುವನ್ನು ತಲುಪುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಹಾಗಲ್ಲ, ಅವು ಸಲೀಸಾಗಿ ದಾಟುತ್ತವೆ. ಅವಧಿಪೂರ್ವ ಹೆರಿಗೆಯ ಸೂಚನೆ ಕಂಡಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಅವುಗಳ ಚುಚ್ಚುಮದ್ದು ಕೊಡುವುದೂ ಅದಕ್ಕಾಗಿಯೇ. ಆದ್ದರಿಂದ ತಾಯಿಯ ಕಾಯಿಲೆಗೆ ಸಾಮಾನ್ಯವಾಗಿ ಆರಿಸುವುದು ಪ್ರೆಡ್ನಿಸೋಲೋನನ್ನು, ಅದೂ ಕಾಯಿಲೆ ಹತೋಟಿಯಲ್ಲಿರಲು ಸಾಕಾಗುವ ಕನಿಷ್ಠ ಪ್ರಮಾಣದಲ್ಲಿ.

ಸೀಳುತುಟಿಯ ಭಯ ಹಲವರಿಗಿದೆ. ಮೊದಲ ಮೂರು ತಿಂಗಳಲ್ಲಿ ನುಂಗಿದರೆ ಅದರ ಸಾಧ್ಯತೆ ತುಸು ಹೆಚ್ಚು ಎಂದು ಹಳೆಯ ಕೆಲವು ಅಧ್ಯಯನಗಳು ಹೇಳಿದ್ದವು. ನಂತರದ ದೊಡ್ಡ ಅಧ್ಯಯನಗಳಲ್ಲಿ ಅದು ದೃಢಪಡಲಿಲ್ಲ. ಮನಸ್ಸಿನಲ್ಲಿಟ್ಟು ಕೊರಗದೆ ಸ್ಕ್ಯಾನಿಂಗ್ ಮಾಡುವಾಗ ವೈದ್ಯರನ್ನೇ ಕೇಳಿ.

ಸ್ಟಿರಾಯ್ಡ್‌ನಿಂದ ತಾಯಿಗೆ ರಕ್ತದೊತ್ತಡ ಮತ್ತು ಸಕ್ಕರೆ ಏರಬಹುದು. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡಿಸಿ, ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ನುಂಗಿ. ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ.

ಜೂನ್‌ಗೆ ಮುಂಚೆಯೇ ಮಾಡಬೇಕಾದ ಕೆಲಸವೊಂದಿದೆ. ಭಾಗಮಂಡಲದ ಕಡೆ ನೀರು ಏರಿದರೆ, ಘಾಟಿಯಲ್ಲಿ ಗುಡ್ಡ ಜರಿದರೆ ಔಷಧಿ ಅಂಗಡಿಗೆ ಹೋಗುವ ದಾರಿಯೇ ಮುಚ್ಚುತ್ತದೆ. ಕೆಲವು ವಾರಗಳಿಗೆ ಸಾಕಾಗುವಷ್ಟು ಮಾತ್ರೆ, ಇನ್‌ಹೇಲರ್ ತಂದು ಒದ್ದೆಯಾಗದಂತೆ ಡಬ್ಬಿಯಲ್ಲಿಡಿ. ತೋಟದ ಲೈನ್ ಮನೆಯಲ್ಲಿರುವವರು ಆಶಾ ಕಾರ್ಯಕರ್ತೆಗೂ ಈ ವಿಷಯ ತಿಳಿಸಿರಲಿ. ಉಸಿರು ಕಟ್ಟಿ ಮಾತನಾಡಲಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹೆರಿಗೆಗೆ ದಾಖಲಾದೊಡನೆ, ಸ್ಟಿರಾಯ್ಡ್ ನುಂಗುತ್ತಿರುವುದನ್ನು ಹೇಳಿ, ತಾಯಿ ಕಾರ್ಡಿನಲ್ಲಿ ಮೊದಲೇ ಬರೆಸಿದ್ದರೆ ಇನ್ನೂ ಒಳ್ಳೆಯದು. ಹೆರಿಗೆಯ ಒತ್ತಡಕ್ಕೆ ಬೇಕಾದಷ್ಟು ಕಾರ್ಟಿಸಾಲ್ ದೇಹದಲ್ಲಿ ಇಲ್ಲದಿರಬಹುದಾದ್ದರಿಂದ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಬೇಕಾಗಬಹುದು.

ಬಾಣಂತಿಯರು ಎದೆಹಾಲು ನಿಲ್ಲಿಸಬೇಕಿಲ್ಲ. ಪ್ರೆಡ್ನಿಸೋಲೋನ್ ಹಾಲಿಗೆ ಸೇರುವುದು ಅತ್ಯಲ್ಪ; ದಿನಕ್ಕೆ 40 ಮಿಲಿಗ್ರಾಂವರೆಗೆ ಮಗುವಿಗೆ ತೊಂದರೆಯಾಗುವ ಸಂಭವ ತೀರಾ ಕಡಿಮೆ. ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಬಹುಕಾಲ ನುಂಗಬೇಕಾದರೆ, ಮಾತ್ರೆಯಾದ ನಾಲ್ಕು ಗಂಟೆ ಬಿಟ್ಟು ಹಾಲೂಡಿಸಲು ಕೆಲವು ವೈದ್ಯರು ಹೇಳುತ್ತಾರೆ. ಆಗ ಮಗುವಿನ ತೂಕ, ಬೆಳವಣಿಗೆಯನ್ನು ಮಕ್ಕಳ ವೈದ್ಯರಿಂದ ನೋಡಿಸುತ್ತಿರಿ.