ಕಾಲೇಜು, ಉದ್ದಿಮೆ ಕೂಡಿ ಡೇಟಾ ಸೈನ್ಸ್ ಕಲಿಸುವುದು ಹೇಗೆ?

ಪದವಿ ಕಾಲೇಜುಗಳ ಬೀರುಗಳಲ್ಲಿ ಕಂಪನಿಗಳ ಜೊತೆ ಮಾಡಿಕೊಂಡ ಒಡಂಬಡಿಕೆ ಪತ್ರಗಳಿಗೆ ಬರವಿಲ್ಲ. ಸಹಿ ಹಾಕಿದ ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ಕಡತ ಮೇಜಿನ ಮೇಲೆ ಬರುತ್ತದೆ. ಈ ಎರಡರ ನಡುವೆ ಬಿಎಸ್‌ಸಿ, ಬಿಸಿಎ, ಬಿಕಾಂ ಓದುವ ಹುಡುಗ ಹುಡುಗಿಯರಿಗೆ ದಕ್ಕುವುದು ಬಹಳ ಕಡೆ ಒಂದು ದಿನದ ಉಪನ್ಯಾಸ, ಒಂದು ಸರ್ಟಿಫಿಕೇಟ್ ಅಷ್ಟೆ. ಡೇಟಾ ಸೈನ್ಸ್‌ಗೆ ಇಷ್ಟು ಸಾಲದು. ಗುಡ್ಡೆ ಬಿದ್ದ ಲೆಕ್ಕದಿಂದ ಉಪಯೋಗದ ಉತ್ತರ ಹುಡುಕುವ ವಿದ್ಯೆ ಅದು. ಯಾರದೋ ನಿಜವಾದ ವಹಿವಾಟಿನ ಲೆಕ್ಕವನ್ನು ಮುಂದಿಟ್ಟುಕೊಂಡು, ಆ ವಹಿವಾಟನ್ನು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿದಾಗ ಮಾತ್ರ ಈ ವಿದ್ಯೆ ಕೈಗೆ ಹತ್ತುತ್ತದೆ. ಅದಕ್ಕಾಗಿಯೇ ಉದ್ದಿಮೆಯ ನೆರವು ಬೇಕು.

ಹೀಗೆ ಕಲಿಸುವುದು ಹೊಸತೇನಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಿಂದಲೂ ಓದು ಮತ್ತು ಕೆಲಸವನ್ನು ಸರದಿಯ ಮೇಲೆ ಮಾಡಿಸುತ್ತಿದೆ. ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜಿನಲ್ಲಿ 1963ರಲ್ಲಿ 'ಕ್ಲಿನಿಕ್' ಎಂಬ ವ್ಯವಸ್ಥೆ ಶುರುವಾಯಿತು. ಅಲ್ಲಿ ಕಂಪನಿ ತನ್ನದೊಂದು ಸಮಸ್ಯೆಯನ್ನು ಶುಲ್ಕದ ಜೊತೆ ಕಾಲೇಜಿಗೆ ಒಪ್ಪಿಸುತ್ತದೆ. ನಾಲ್ಕೈದು ವಿದ್ಯಾರ್ಥಿಗಳ ತಂಡ ವರ್ಷವಿಡೀ ಅದರ ಮೇಲೆ ದುಡಿಯುತ್ತದೆ. ನಮ್ಮಲ್ಲೇ ಪಿಲಾನಿಯ ಬಿಟ್ಸ್ 1973ರಲ್ಲಿ ವಿದ್ಯಾರ್ಥಿಗಳನ್ನು ಉದ್ದಿಮೆಗೆ ಕಳಿಸಿ ಕಲಿಸುವ 'ಪ್ರಾಕ್ಟೀಸ್ ಸ್ಕೂಲ್' ಆರಂಭಿಸಿತು. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವಂತೂ ಸಮಾಜವಿಜ್ಞಾನ ಓದುವವರನ್ನು ಬೇಸಿಗೆ ರಜೆಯಲ್ಲಿ ಸಂಬಳ ಕೊಡಿಸಿ ಅಂಕಿಅಂಶದ ಕೆಲಸಕ್ಕೆ ಕಳಿಸುತ್ತ ಬಂದಿದೆ. ಜಿಲ್ಲಾ ಕೇಂದ್ರದ ಅಥವಾ ತಾಲ್ಲೂಕಿನ ಒಂದು ಕಾಲೇಜು ಇವನ್ನು ಹಾಗೆಹಾಗೇ ಮಾಡಲಾಗದು. ಆದರೆ ಇವುಗಳ ತಿರುಳನ್ನು ಒಂದು ಸೆಮಿಸ್ಟರ್‌ಗೆ ಇಳಿಸಿಕೊಳ್ಳಲು ಸಾಧ್ಯ.

1. ಮೊದಲು ಕಾಲೇಜಿನ ಒಳಗೆ ನೋಡಿ

ಇಬ್ಬರು ಅಧ್ಯಾಪಕರು ಬೇಕು. ಒಬ್ಬರು ಸಂಖ್ಯಾಶಾಸ್ತ್ರ ಅಥವಾ ಗಣಿತದವರು, ಇನ್ನೊಬ್ಬರು ಕಂಪ್ಯೂಟರ್ ವಿಭಾಗದವರು. ಒಬ್ಬರೇ ಹೊತ್ತುಕೊಂಡರೆ, ಅವರಿಗೆ ವರ್ಗವಾದ ದಿನವೇ ಕಾರ್ಯಕ್ರಮ ನಿಂತುಹೋಗುತ್ತದೆ. ವಿದ್ಯಾರ್ಥಿಗಳನ್ನು ಆರಿಸುವಾಗ ಬಿಸಿಎಯವರಿಗೆ ಮಾತ್ರ ಬಾಗಿಲು ತೆರೆಯಬೇಡಿ. ಬಿಕಾಂ ಓದುವವರಿಗೆ ಡೆಬಿಟ್, ಕ್ರೆಡಿಟ್ ಗೊತ್ತು. ಬಿಎ ಅರ್ಥಶಾಸ್ತ್ರದವರಿಗೆ ಸಮೀಕ್ಷೆ ಗೊತ್ತು. ಒಂದು ತಂಡದಲ್ಲಿ ಇವರೆಲ್ಲ ಬೆರೆತರೆ ಕೋಡ್ ಬರೆಯುವವರಿಗೂ ಪ್ರಶ್ನೆ ಅರ್ಥವಾಗುತ್ತದೆ. ಮೊದಲ ಸಲಕ್ಕೆ ನಾಲ್ಕೈದು ಜನರ ಐದು ತಂಡ ಸಾಕು.

2. ಹತ್ತಿರದ ಉದ್ದಿಮೆಯನ್ನು ಹುಡುಕಿ

ಎಲ್ಲರ ಕಣ್ಣೂ ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳ ಮೇಲೆ. ಅವುಗಳಿಂದ ಪಡೆಯಬೇಕಾದ್ದನ್ನು ಪಡೆಯಿರಿ. ಇನ್ಫೊಸಿಸ್ 2004ರಲ್ಲೇ 'ಕ್ಯಾಂಪಸ್ ಕನೆಕ್ಟ್' ಮೂಲಕ ಕಾಲೇಜುಗಳ ಜೊತೆ ಕೆಲಸ ಶುರುಮಾಡಿತು. ಅದರ 'ಸ್ಪ್ರಿಂಗ್‌ಬೋರ್ಡ್' ತಾಣದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಆದರೆ ಪಾಠ ಬೇರೆ, ಜೊತೆಗಾರಿಕೆ ಬೇರೆ. ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಕಂಪನಿಯ ಮ್ಯಾನೇಜರ್ ಹದಿನೈದು ದಿನಕ್ಕೊಮ್ಮೆ ನಿಮ್ಮ ಲ್ಯಾಬ್‌ಗೆ ಬಂದು ಕೂರುವುದು ಕಷ್ಟ. ಅದೇ ಊರಿನ ಔಷಧ ಸಗಟು ವ್ಯಾಪಾರಿ, ಪತ್ತಿನ ಸಹಕಾರ ಸಂಘ, ಅಡಿಕೆ ಮಂಡಿ, ಹಾಲು ಒಕ್ಕೂಟ, ಗಾರ್ಮೆಂಟ್ಸ್ ಕಾರ್ಖಾನೆ, ನಾಲ್ಕು ಶಾಖೆಯ ಸೂಪರ್ ಮಾರ್ಕೆಟ್ ಇಂಥ ಕಡೆ ಕಂಪ್ಯೂಟರ್ ಬಿಲ್ಲಿಂಗ್ ಬಂದು ವರ್ಷಗಳೇ ಆಗಿವೆ. ಲೆಕ್ಕ ಗುಡ್ಡೆ ಬಿದ್ದಿದೆ, ಅದನ್ನು ಓದುವವರಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿ ತೆಗೆದು ನೋಡಿದರೆ ಇವರಲ್ಲಿ ಒಂದಿಬ್ಬರು ನಿಮ್ಮ ಕಾಲೇಜಿನಲ್ಲೇ ಓದಿದವರು ಸಿಕ್ಕಾರು. ಅಲ್ಲಿಂದ ಆರಂಭಿಸಿ.

ಮಾತಾಡಲು ಹೋಗುವ ದಿನವನ್ನೂ ನೋಡಿಕೊಳ್ಳಿ. ಪ್ರತಿ ತಿಂಗಳು 11 ಮತ್ತು 20ನೇ ತಾರೀಖಿನ ಆಸುಪಾಸು ಜಿಎಸ್‌ಟಿ ರಿಟರ್ನ್ಸ್ ಗಡಿಬಿಡಿ, ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಆ ಹೊತ್ತಿನಲ್ಲಿ ಪ್ರಾಂಶುಪಾಲರೇ ಹೋದರೂ ಕಾಫಿ ಸಿಗಬಹುದು, ಸಮಯ ಸಿಗದು.

3. ಒಂದೇ ಒಂದು ಪ್ರಶ್ನೆ ಹಿಡಿಯಿರಿ

'ನಮ್ಮ ವ್ಯಾಪಾರ ಜಾಸ್ತಿ ಮಾಡಿಕೊಡಿ' ಎನ್ನುವುದರಿಂದ ಪಾಠ ಹುಟ್ಟುವುದಿಲ್ಲ. ಮಾಲೀಕರ ಎದುರು ಕೂತು, ದಿನನಿತ್ಯ ಅವರಿಗೆ ಎಲ್ಲಿ ನಷ್ಟವಾಗುತ್ತಿದೆ ಎಂದು ಕೇಳುತ್ತ ಹೋಗಬೇಕು. ಔಷಧ ಸಗಟು ವ್ಯಾಪಾರವನ್ನೇ ತೆಗೆದುಕೊಳ್ಳಿ. ಅಲ್ಲಿನ ದೊಡ್ಡ ತಲೆನೋವು ಎಕ್ಸ್‌ಪೈರಿ. ಹಾಗಾದರೆ ಪ್ರಶ್ನೆ ಹೀಗಿರಲಿ: 'ಕಳೆದ ಎರಡು ವರ್ಷದಲ್ಲಿ ಅವಧಿ ಮೀರಿ ವಾಪಸ್ ಬಂದ ಔಷಧಗಳು ಯಾವುವು, ಅವನ್ನು ಯಾವ ತಿಂಗಳುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ತರಿಸಿದ್ದೆವು?' ಇದಕ್ಕೆ ಉತ್ತರ ಲೆಕ್ಕದಲ್ಲೇ ಇದೆ, ಸಿಕ್ಕರೆ ಮಾಲೀಕರಿಗೆ ನಾಳೆಯೇ ಉಪಯೋಗ, ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವಷ್ಟು ಚಿಕ್ಕದು ಕೂಡ. ಈ ಮೂರು ಗುಣ ಇಲ್ಲದ ಪ್ರಶ್ನೆಯನ್ನು ಬಿಟ್ಟುಬಿಡಿ.

4. ಲೆಕ್ಕ ಕೈಗೆ ಬರುವ ಮುನ್ನ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ವೈಯಕ್ತಿಕ ಮಾಹಿತಿಯ ಹೊಣೆಯನ್ನು ಅದನ್ನು ಸಂಗ್ರಹಿಸಿ ಬಳಸುವವರ ಮೇಲೆಯೇ ಹೊರಿಸುತ್ತದೆ. ಆದ್ದರಿಂದ ಹೆಸರು, ಫೋನ್ ನಂಬರ್, ವಿಳಾಸ, ಆಧಾರ್ ಇವನ್ನೆಲ್ಲ ಉದ್ದಿಮೆಯವರೇ ತೆಗೆದು, ಗ್ರಾಹಕರಿಗೆ ಬೇರೆ ಸಂಖ್ಯೆ ಕೊಟ್ಟು, ಆಮೇಲೆ ಫೈಲ್ ಕೊಡಬೇಕು. 'ಕಾಲೇಜಿಗೆ ಬಂದ ಮೇಲೆ ಅಳಿಸಿಕೊಳ್ಳುತ್ತೇವೆ' ಎನ್ನಬೇಡಿ. ಹೆಸರು ತೆಗೆದರೂ ಸಣ್ಣ ಹಳ್ಳಿಯ ಹೆಸರು, ವಯಸ್ಸು, ಕಾಯಿಲೆಯ ಔಷಧ ಮೂರೂ ಒಟ್ಟಿಗಿದ್ದರೆ ವ್ಯಕ್ತಿ ಯಾರೆಂದು ಊರವರು ಹೇಳಿಬಿಡಬಲ್ಲರು. ಪ್ರಶ್ನೆಗೆ ಬೇಡದ ಕಾಲಂ ಬರುವುದೇ ಬೇಡ. ಎಕ್ಸ್‌ಪೈರಿ ಪ್ರಶ್ನೆಗೆ ಖರೀದಿ ದರ ಬೇಕಿಲ್ಲ; ಅದನ್ನು ಬಿಟ್ಟರೆ ವ್ಯಾಪಾರದ ಗುಟ್ಟೂ ಉಳಿಯುತ್ತದೆ, ಮಾಲೀಕರ ಅಳುಕೂ ಕಡಿಮೆಯಾಗುತ್ತದೆ.

ಫೈಲ್ ಬರುವುದು ತಡವಾದರೆ ಕೈಕಟ್ಟಿ ಕೂರಬೇಕಿಲ್ಲ. ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ರಾಜ್ಯದ ಎಪಿಎಂಸಿಗಳ ದೈನಂದಿನ ದರಗಳಿವೆ. ಶಿವಮೊಗ್ಗದ ರಾಶಿ ಅಡಿಕೆಯ ಕನಿಷ್ಠ, ಗರಿಷ್ಠ ದರಗಳನ್ನು ಇಟ್ಟುಕೊಂಡು ಮೊದಲ ಮೂರು ವಾರದ ಪಾಠ ನಡೆಸಬಹುದು. ಅಡಿಕೆ ಬೆಳೆಯುವ ಮನೆಯ ಮಕ್ಕಳಿದ್ದರೆ ದರದ ಏರಿಳಿತಕ್ಕೆ ಕಾರಣವನ್ನು ಅವರೇ ಹೇಳುತ್ತಾರೆ.

5. ಎರಡು ಪುಟದ ಒಡಂಬಡಿಕೆ

ಹತ್ತು ಪುಟದ ಸುತ್ತುಬಳಸಿನ ಮಾತು ಬೇಡ. ಪ್ರಶ್ನೆ ಏನು, ಯಾವ ಯಾವ ಕಾಲಂ ಕೊಡುತ್ತಾರೆ, ಯಾವ ತಾರೀಖಿನೊಳಗೆ ಕೊಡುತ್ತಾರೆ, ಫೈಲ್ ಎಲ್ಲಿರುತ್ತದೆ, ಕೆಲಸ ಮುಗಿದ ಮೇಲೆ ಯಾರು ಅಳಿಸುತ್ತಾರೆ, ಉದ್ದಿಮೆಯ ಕಡೆಯಿಂದ ತರಗತಿಗೆ ಬರುವವರು ಯಾರು, ವಿದ್ಯಾರ್ಥಿ ಬರೆದ ಕೋಡ್ ಯಾರದು, ವರದಿಯನ್ನು ಉದ್ಯೋಗ ಸಂದರ್ಶನದಲ್ಲಿ ತೋರಿಸಬಹುದೇ. ಇಷ್ಟನ್ನು ಬರೆದು ಸಹಿ ಮಾಡಿ. ಕೊನೆಯದು ವಿದ್ಯಾರ್ಥಿಗೆ ಬಹಳ ಮುಖ್ಯ. ಆರು ತಿಂಗಳು ಬೆವರು ಸುರಿಸಿದ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲ ಎಂದಾದರೆ ಅವರಿಗೆ ಅನ್ಯಾಯ.

ಹಣದ ಮಾತನ್ನೂ ಇಲ್ಲೇ ಆಡಿ. ಇಂಟರ್ನ್‌ಶಿಪ್ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಬಿಲ್ ಹಾಕುವುದಕ್ಕೆ, ಸ್ಟಾಕ್ ಎಣಿಸುವುದಕ್ಕೆ ಕೂರಿಸಿದರೆ ಅದು ಬಿಟ್ಟಿ ದುಡಿಮೆ. ಕಾಲೇಜು ಅದನ್ನು ಒಪ್ಪಲೇಬಾರದು. ವಿದ್ಯಾರ್ಥಿ ಉದ್ದಿಮೆಯ ಆವರಣದಲ್ಲಿ ಕೆಲಸ ಮಾಡುವುದಾದರೆ ಬಸ್ ಖರ್ಚು, ಊಟ, ಒಂದಿಷ್ಟು ಗೌರವಧನ ಕೊಡಲೇಬೇಕು ಎಂಬುದು ನನ್ನ ಖಚಿತ ನಿಲುವು. ಕೊಡದಿದ್ದರೆ ದೂರದ ಹಳ್ಳಿಯಿಂದ ಬರುವ ಮಕ್ಕಳೇ ಮೊದಲು ಹೊರಗುಳಿಯುತ್ತಾರೆ. ಹಾಗೆಯೇ ವಿದ್ಯಾರ್ಥಿಗಳಿಂದಲೇ ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಿಕೊಂಡು 'ಉದ್ಯಮ ಸಹಭಾಗಿತ್ವ' ಎನ್ನುವ ತರಬೇತಿ ಸಂಸ್ಥೆಗಳಿಂದ ದೂರವಿರಿ. ಅದು ಕೋರ್ಸ್ ಮಾರಾಟವೇ ಹೊರತು ಸಹಭಾಗಿತ್ವ ಅಲ್ಲ.

6. ವೇಳಾಪಟ್ಟಿಯಲ್ಲಿ ಜಾಗ

ಸ್ವಾಯತ್ತ ಕಾಲೇಜಾದರೆ ದಾರಿ ಸುಲಭ. ಪಠ್ಯ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಉದ್ಯಮದ ಪ್ರತಿನಿಧಿಯೊಬ್ಬರು ಇರಬೇಕೆಂಬ ನಿಯಮವೇ ಇದೆ. ಆ ಕುರ್ಚಿಯಲ್ಲಿ ನಿಮ್ಮ ಜೊತೆಗಾರ ಉದ್ದಿಮೆಯವರನ್ನು ಕೂರಿಸಿ, ಪಠ್ಯಕ್ಕೇ ಸೇರಿಸಿಬಿಡಿ. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು ಪಠ್ಯ ಬದಲಿಸುವಂತಿಲ್ಲ. ಆದರೆ ಪಠ್ಯದ ಹೊರಗೆ 30 ಗಂಟೆಯ ಮೌಲ್ಯವರ್ಧಿತ ಕೋರ್ಸ್ ನಡೆಸಲು ಅಡ್ಡಿಯಿಲ್ಲ, ನ್ಯಾಕ್ ಕೂಡ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾರ್ಗಸೂಚಿ ಹೇಳುವುದು 60ರಿಂದ 120 ಗಂಟೆ. ಇವೆರಡನ್ನೂ ಜೋಡಿಸಿದರೆ ತರಗತಿಯೂ ಆಯಿತು, ಕೆಲಸವೂ ಆಯಿತು. ರಾಜ್ಯದಲ್ಲಿ 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ, ಇದನ್ನು ಕೊನೆಯ ಸೆಮಿಸ್ಟರ್‌ಗೆ ತಳ್ಳದೆ ಎರಡನೇ ವರ್ಷದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ವರ್ಷದವರ ಮನಸ್ಸು ಪ್ಲೇಸ್‌ಮೆಂಟ್, ಪಿಜಿ ಪ್ರವೇಶಗಳ ಕಡೆಗಿರುತ್ತದೆ.

ಉದ್ದಿಮೆಯವರನ್ನು ಅಧ್ಯಾಪಕರಾಗಿ ನೇಮಿಸಿಕೊಳ್ಳಲು 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಅವಕಾಶವನ್ನು ಯುಜಿಸಿ 2022ರಲ್ಲಿ ಕೊಟ್ಟಿದೆ. ಪಿಎಚ್‌ಡಿ ಬೇಡ, ಆದರೆ ಕನಿಷ್ಠ 15 ವರ್ಷದ ಅನುಭವ ಬೇಕು. ಹದಿನೈದು ದಿನಕ್ಕೊಮ್ಮೆ ಬಂದು ಎರಡು ಗಂಟೆ ಕೂರುವವರಿಗೆ ಇಷ್ಟೆಲ್ಲ ಬೇಕಿಲ್ಲ, ಅತಿಥಿಯಾಗಿ ಕರೆದರೆ ಸಾಕು.

7. ತರಗತಿಯಲ್ಲಿ ಏನು ನಡೆಯಬೇಕು

ಮೊದಲ ಮೂರು ವಾರ ಎಕ್ಸೆಲ್: ವಿಂಗಡಣೆ, ಫಿಲ್ಟರ್, ಲೆಕ್ಕವನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವೋಟ್ ಟೇಬಲ್, ಸರಾಸರಿಗೂ ಮಧ್ಯಾಂಕಕ್ಕೂ (ಮೀಡಿಯನ್) ಇರುವ ವ್ಯತ್ಯಾಸ. ಮುಂದಿನ ನಾಲ್ಕು ವಾರ ಎಸ್‌ಕ್ಯೂಎಲ್ ಮತ್ತು ಪೈಥಾನ್: ಮೊದಲನೆಯದು ಲೆಕ್ಕದ ರಾಶಿಯಿಂದ ಬೇಕಾದ್ದನ್ನು ಹೆಕ್ಕುವ ಭಾಷೆ, ಎರಡನೆಯದು ಪ್ರೋಗ್ರಾಂ ಬರೆಯುವ ಭಾಷೆ. ಲ್ಯಾಬ್‌ನ ಕಂಪ್ಯೂಟರ್‌ಗಳು ಹಳೆಯವಾದರೂ ಪೈಥಾನ್ ನಡೆಸುವ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ, ಇಂಟರ್ನೆಟ್ ಇದ್ದರಾಯಿತು. ಆದರೆ ಉದ್ದಿಮೆಯ ಫೈಲನ್ನು ಹೊರಗಿನ ಸರ್ವರ್‌ಗೆ ಏರಿಸಲು ಒಡಂಬಡಿಕೆಯಲ್ಲಿ ಒಪ್ಪಿಗೆ ಇರಬೇಕು. ಇಲ್ಲದಿದ್ದರೆ ಲ್ಯಾಬ್‌ನ ಕಂಪ್ಯೂಟರಿನಲ್ಲೇ ಪೈಥಾನ್ ಹಾಕಿಕೊಳ್ಳಿ. ಮಷಿನ್ ಲರ್ನಿಂಗ್ (ಹಳೆಯ ಲೆಕ್ಕದಿಂದ ಕಂಪ್ಯೂಟರೇ ಕಲಿತು ಅಂದಾಜು ಹೇಳುವ ವಿಧಾನ) ಮೊದಲ ಸೆಮಿಸ್ಟರ್‌ನಲ್ಲಿ ಬೇಡ. ಹೆಸರು ಕೇಳಲು ಚೆಂದ, ಆದರೆ ಫೈಲನ್ನು ಹಸನು ಮಾಡಲು ಬಾರದವರಿಗೆ ಅದರಿಂದ ಸಿಗುವುದು ತಪ್ಪು ಉತ್ತರವೇ.

ಎಂಟನೇ ವಾರದಿಂದ ನಿಜವಾದ ಫೈಲ್. ಅದರೊಳಗೆ ಏನಿರುತ್ತದೆ ನೋಡಿ. ಎಕ್ಸ್‌ಪೈರಿ ಕಾಲಂನಲ್ಲಿ '08/27' ಎಂದಿದೆ. ಅಂದರೆ 2027ರ ಆಗಸ್ಟ್. ಕಂಪ್ಯೂಟರಿನಲ್ಲಿ ತಾರೀಖು ಅಮೆರಿಕದ ಕ್ರಮದಲ್ಲಿದ್ದರೆ ಎಕ್ಸೆಲ್ ಅದನ್ನು ಈ ವರ್ಷದ ಆಗಸ್ಟ್ 27 ಎಂದು ಓದುತ್ತದೆ. ಯಾರೂ ಗಮನಿಸದಿದ್ದರೆ ಒಳ್ಳೆಯ ದಾಸ್ತಾನೆಲ್ಲ ಅವಧಿ ಮೀರಿದ ಪಟ್ಟಿಗೆ ಸೇರುತ್ತದೆ. ಪ್ರಮಾಣದ ಕಾಲಂನಲ್ಲಿ ಒಂದು ಸಾಲಿನ '10' ಎಂದರೆ ಹತ್ತು ಸ್ಟ್ರಿಪ್, ಇನ್ನೊಂದು ಸಾಲಿನ '10' ಎಂದರೆ ಹತ್ತು ಬಾಕ್ಸ್. ಮೈನಸ್ ಚಿಹ್ನೆ ಇರುವವು ವಾಪಸ್ ಬಂದ ಮಾಲು.

ಇನ್ನು ಕೆಲವು ಸಾಲುಗಳಲ್ಲಿ ಬಿಲ್ ಮೊತ್ತ ಸೊನ್ನೆ. ಪುಸ್ತಕದ ಪಾಠ ಮಾತ್ರ ಕಲಿತ ವಿದ್ಯಾರ್ಥಿ ಇವನ್ನು ತಪ್ಪು ನಮೂದು ಎಂದು ಅಳಿಸಿಹಾಕುತ್ತಾರೆ, ಅಧ್ಯಾಪಕರೂ ಹೌದೆನ್ನಬಹುದು. ಉದ್ದಿಮೆಯಿಂದ ಬಂದವರು ನೋಡಿದ ತಕ್ಷಣ ಹೇಳುತ್ತಾರೆ, 'ಅದು ಸ್ಕೀಮ್ ಮಾಲು, ಹತ್ತು ತಗೊಂಡರೆ ಒಂದು ಫ್ರೀ. ಅಳಿಸಬೇಡಿ.' ಅಂಗಡಿಗಳು ಬೇಕಾದ್ದಕ್ಕಿಂತ ಹೆಚ್ಚು ತರಿಸಲು ಆ ಫ್ರೀ ಮಾಲೇ ಕಾರಣವಾಗಿರಬಹುದು, ಅಂದರೆ ನಾವು ಹುಡುಕುತ್ತಿರುವ ಉತ್ತರ ಆ ಸೊನ್ನೆಗಳಲ್ಲೇ ಇರಬಹುದು. ಇಂಥ ಒಂದು ಮಾತಿಗಾಗಿಯೇ ಉದ್ದಿಮೆಯವರು ತರಗತಿಯಲ್ಲಿ ಇರಬೇಕು. ಉದ್ಘಾಟನೆಗೆ ಬಂದು ಶಾಲು ಹೊದ್ದು ಹೋದರೆ ಪ್ರಯೋಜನವಿಲ್ಲ. ಮಾಲೀಕರೇ ಬರಬೇಕೆಂದೇನೂ ಇಲ್ಲ. ದಿನವೂ ಬಿಲ್ ಹಾಕುವ ಅಕೌಂಟೆಂಟ್ ಅಥವಾ ಗೋದಾಮಿನ ಮೇಲ್ವಿಚಾರಕರು ಬಂದರೆ ಇನ್ನೂ ಒಳ್ಳೆಯದು.

ಹೀಗೆ ಹಸನು ಮಾಡುವಾಗ ಏನನ್ನು ಏಕೆ ಬದಲಿಸಿದೆವು ಎಂದು ಪ್ರತಿ ತಂಡವೂ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಲಿ. ಅಂಕ ಕೊಡುವಾಗ ಇದಕ್ಕೇ ಹೆಚ್ಚು ತೂಕ.

ತರಗತಿಯ ಚರ್ಚೆ ಕನ್ನಡದಲ್ಲಿ ನಡೆಯಲಿ. ಕೋಡ್ ಇಂಗ್ಲಿಷ್‌ನಲ್ಲಿ ಇರುತ್ತದೆ, ಇರಲಿ. ಯೋಚನೆಗೆ ಆ ಹಂಗು ಬೇಡ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜಾಣ ಮಕ್ಕಳು ಇಂಗ್ಲಿಷಿನ ಅಳುಕಿಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಬಿಡುತ್ತಾರೆ. ಗೋದಾಮಿನ ಮೇಲ್ವಿಚಾರಕರನ್ನು ಕನ್ನಡದಲ್ಲಿ ಪ್ರಶ್ನೆ ಕೇಳಲು ಬಿಟ್ಟರೆ ಈ ಮಕ್ಕಳೇ ಮುಂದೆ ಬರುತ್ತಾರೆ.

8. ವರದಿ ಮತ್ತು ಅಂಕ

ಕೊನೆಯ ಎರಡು ವಾರದಲ್ಲಿ ಪ್ರತಿ ತಂಡ ಉದ್ದಿಮೆಯವರ ಮುಂದೆ ಹತ್ತು ನಿಮಿಷ ಮಾತಾಡಲಿ. ಮೂರು ಚಾರ್ಟ್, ಒಂದು ಸಲಹೆ, ಒಂದು ಎಚ್ಚರಿಕೆ: ಈ ಉತ್ತರವನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು. 'ಈ ಲೆಕ್ಕದಿಂದ ಖಚಿತವಾಗಿ ಹೇಳಲಾಗುವುದಿಲ್ಲ' ಎಂದು ಕಾರಣಸಹಿತ ಹೇಳಿದ ತಂಡಕ್ಕೂ ಪೂರ್ತಿ ಅಂಕ ಸಿಗಬೇಕು. ಮಾಲೀಕರಿಗೆ ಹಿತವಾಗುವ ಉತ್ತರ ಹೊಸೆದು ಕೊಡುವ ಅಭ್ಯಾಸ ಕಾಲೇಜಿನಲ್ಲೇ ಬೀಳಬಾರದು. ಅಂಕ ಕೊಡುವವರು ಅಧ್ಯಾಪಕರೇ. ಉದ್ದಿಮೆಯವರದು ಅಭಿಪ್ರಾಯ ಮಾತ್ರ.

9. ಎರಡನೇ ವರ್ಷಕ್ಕೆ

ಪದವಿ ಮುಗಿಸಿದವರಲ್ಲಿ ಯಾರನ್ನಾದರೂ ಉದ್ದಿಮೆ ಇಟ್ಟುಕೊಳ್ಳಲು ಬಯಸಿದರೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ನಿಗದಿತ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಉದ್ದಿಮೆಗಳಿಗೆ ಈ ವಿಷಯ ಗೊತ್ತಿಲ್ಲದಿದ್ದರೆ ಕಾಲೇಜೇ ತಿಳಿಸಿ, ನೋಂದಣಿಗೂ ಕೈಜೋಡಿಸಲಿ.

ಒಡಂಬಡಿಕೆಯಂತೆ ಫೈಲ್ ಅಳಿಸಿ, ಅಳಿಸಿದ್ದನ್ನು ಉದ್ದಿಮೆಗೆ ಪತ್ರದ ಮೂಲಕ ತಿಳಿಸಿ. ಕೋಡ್ ಮತ್ತು ತಂಡಗಳ ನೋಟ್‌ಬುಕ್‌ಗಳು ವಿಭಾಗದಲ್ಲೇ ಉಳಿಯಲಿ. ಈ ವರ್ಷ ಕಲಿತವರಲ್ಲಿ ಇಬ್ಬರನ್ನು ಮುಂದಿನ ತಂಡಗಳಿಗೆ ಲ್ಯಾಬ್‌ನಲ್ಲಿ ನೆರವಾಗಲು ಗೊತ್ತುಮಾಡಿ. ಹೊಸ ಸೆಮಿಸ್ಟರ್ ಶುರುವಾಗುವ ಎರಡು ತಿಂಗಳು ಮೊದಲೇ ಅದೇ ಉದ್ದಿಮೆಗೆ ಹೋಗಿ, ಹೋದ ಸಲದ ಸಲಹೆಯಲ್ಲಿ ಯಾವುದನ್ನು ಜಾರಿಗೆ ತಂದರು, ಎಕ್ಸ್‌ಪೈರಿ ಮಾಲು ಕಡಿಮೆಯಾಯಿತೇ ಎಂದು ಕೇಳಿ. ಆಗಿಲ್ಲವೆಂದರೆ ಏಕೆ ಎಂಬುದೇ ಮುಂದಿನ ತಂಡದ ಪ್ರಶ್ನೆ.